ನಿನ್ನೆ ಕುಡಿದದ್ದು, ಇಂದು ಓಡಿಸಿದ್ದು

ಹಾವೇರಿ
೨೬ ಸೆಪ್ಟೆಂಬರ್ ೨೦೨೪

ಪ್ರಿಯ ಮೈಲೇಶ,

ಸೋಮವಾರ ಸಂಜೆ ನೀನು ನನ್ನ ಆಫೀಸಿನಲ್ಲಿ ಎರಡು ಗಂಟೆ ಮಾತಾಡಿದೆ. ಅದರಲ್ಲಿ ಕೇಸಿಗೆ ಸಂಬಂಧಪಟ್ಟದ್ದು ನಾಲ್ಕು ನಿಮಿಷ. ಉಳಿದದ್ದೆಲ್ಲ ಕುಪ್ಪೇಲೂರಿನ ಶಾಲೆಯಲ್ಲಿ ನಾನು ನಿನ್ನ ಪಾಟಿ ನೋಡಿ ಕಾಪಿ ಹೊಡೆದ ಇತಿಹಾಸ. ಆದ್ದರಿಂದ ಇನ್ನು ಮುಂದೆ ಹೇಳುವುದನ್ನೆಲ್ಲ ಬರೆದು ಕಳಿಸು. ಫೋನಿನಲ್ಲಿ ಆಡಿದ್ದು ಗಾಳಿಗೆ ಹೋಗುತ್ತದೆ, ವಾಟ್ಸಾಪಿನಲ್ಲಿ ಹಾಕಿದ್ದು ಊರಿಗೆ ಹೋಗುತ್ತದೆ. ಅಂಚೆಗೆ ಹಾಕಿದ್ದು ಮಾತ್ರ ಸಾವಕಾಶವಾಗಿ ವಕೀಲನ ಹತ್ತಿರ ಬರುತ್ತದೆ. ಬರೆಯುವಾಗ ಮನುಷ್ಯ ಸ್ವಲ್ಪ ಕಡಿಮೆ ಸುಳ್ಳು ಹೇಳುತ್ತಾನೆ ಎಂಬುದು ನನ್ನ ಇಪ್ಪತ್ತೆರಡು ವರ್ಷದ ಅನುಭವ.

ಸರ್ಕಾರದ ಪ್ರಕಾರ ನಡೆದದ್ದು ಇಷ್ಟು. ಸೋಮವಾರ ಬೆಳಿಗ್ಗೆ ಏಳರ ಸುಮಾರಿಗೆ, ರಾಣೆಬೆನ್ನೂರಿನ ಹತ್ತಿರ, ಬೀಜದ ಪ್ಲಾಟಿನಲ್ಲಿ ಹೂವಿಗೆ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಹನ್ನೆರಡು ಹೆಣ್ಣುಮಕ್ಕಳನ್ನು ಒಯ್ಯುತ್ತಿದ್ದ ನಿನ್ನ ಕ್ರೂಸರನ್ನು ಪೊಲೀಸರು ನಿಲ್ಲಿಸಿದರು. ಊದು ಎಂದರು. ನೀನು ಊದಿದೆ. ಯಂತ್ರ ಎಪ್ಪತ್ತೊಂದು ಎಂದಿತು. ಕಾನೂನು ಸಹಿಸುವುದು ಮೂವತ್ತನ್ನು. ಇದಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಹತ್ತು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ಮೇಲೆ ಲೈಸೆನ್ಸ್ ಅಮಾನತು.

ನಿನ್ನ ಪ್ರಕಾರ ನಡೆದದ್ದು ಇನ್ನೂ ಚಿಕ್ಕದು: "ನಾ ಕುಡದಿಲ್ಲೋ ಚಂದ್ರು, ಕುಡದಿದ್ದು ನಿನ್ನಿ."

ಮೂರು ಪ್ರಶ್ನೆಗಳಿಗೆ ಉತ್ತರ ಬರೆ. ಒಂದು, ಎಷ್ಟು ಕುಡಿದೆ? ಎರಡು, ಯಾವಾಗ? ಮೂರು, ಊರು ಬಿಟ್ಟಲ್ಲಿಂದ ಪೊಲೀಸರು ಸಿಗುವವರೆಗೆ ದಾರಿಯಲ್ಲಿ ಏನಾದರೂ ಆಯಿತೇ?

ಇಂತಿ ನಿನ್ನ ಸಹಪಾಠಿಯೂ ದುರ್ದೈವದಿಂದ ವಕೀಲನೂ ಆದ
ಚಂದ್ರಪ್ಪ


ಕುಪ್ಪೇಲೂರು
೩ ಅಕ್ಟೋಬರ್ ೨೦೨೪

ವಕೀಲ ಸಾಹೇಬರ ಸನ್ನಿಧಾನಕ್ಕೆ,

ಮೊದಲನೆಯ ಪ್ರಶ್ನೆಗೆ ಉತ್ತರ: ಒಂದು ಕ್ವಾರ್ಟರ್.

ಎರಡನೆಯದಕ್ಕೆ ಸ್ವಲ್ಪ ಪೀಠಿಕೆ ಬೇಕು. ಭಾನುವಾರ ನಾನು ಬ್ಯಾಡಗಿಗೆ ಹೋಗಿದ್ದೆ. ನನ್ನ ಹೆಂಡತಿ ಶೀಲಾಳ ಅಣ್ಣ ಕೊಟ್ರಪ್ಪ ಹೊಸ ಮನೆಗೆ ಸ್ಲ್ಯಾಬ್ ಹಾಕಿಸಿದ್ದ. ಸ್ಲ್ಯಾಬ್ ಹಾಕಿದ ದಿನ ನೆಂಟರಿಗೆ ಕುಡಿಸದಿದ್ದರೆ ಮಳೆಗಾಲದಲ್ಲಿ ಅದು ಸೋರುತ್ತದೆ ಎಂದು ಅವನ ನಂಬಿಕೆ. ಆ ಮನೆ ಸೋರಬಾರದೆಂದು ಕುಡಿದೆ. ಆದರೆ ಗಮನಿಸು: ಕ್ರೂಸರ್ ಒಯ್ಯಲಿಲ್ಲ! ಕುಡಿಯುವುದಿದೆ ಎಂದು ಗೊತ್ತಿದ್ದೇ ಗಾಡಿಯನ್ನು ಮನೆ ಮುಂದೆ ಬಿಟ್ಟು ರಾಣೆಬೆನ್ನೂರು, ಮೋಟೆಬೆನ್ನೂರು ಅಂತ ಬಸ್ಸು ಬದಲಿಸುತ್ತಾ ಹೋದೆ, ಹಾಗೆಯೇ ಬಂದೆ. ಇಷ್ಟು ಜವಾಬ್ದಾರಿಯ ಕುಡುಕನನ್ನು ಸರ್ಕಾರ ಸನ್ಮಾನಿಸಬೇಕಿತ್ತು.

ಬೆಳಿಗ್ಗೆ ಐದಕ್ಕೆ ಎದ್ದೆ. ತಲೆಯ ಮೇಲೆ ನಾಲ್ಕು ಕೊಡ ತಣ್ಣೀರು ಸುರಿದುಕೊಂಡೆ. ಹಣೆಗೆ ದೇವರಗುಡ್ಡದ ಭಂಡಾರದ ಅರಿಶಿನ ಹಚ್ಚಿ, ಗಾಡಿಗೆ ಊದುಬತ್ತಿ ಬೆಳಗಿ, ಲಿಂಬೆ ಹಿಂಡಿದ ಮಜ್ಜಿಗೆ ಎರಡು ಲೋಟ ಕುಡಿದು ಸ್ಟೇರಿಂಗ್ ಹಿಡಿದೆ. ಚಂದ್ರು, ನಮ್ಮಲ್ಲಿ ಸತ್ತವರ ಮನೆಗೆ ಹೋಗಿ ಬಂದರೂ ತಲೆಗೆ ನೀರು ಹಾಕಿಕೊಂಡರೆ ಮುಗಿಯಿತು. ಸಾವೇ ಸ್ನಾನಕ್ಕೆ ತೊಳೆದು ಹೋಗುವಾಗ ಕೊಟ್ರಪ್ಪನ ಕ್ವಾರ್ಟರ್ ಯಾವ ಲೆಕ್ಕ? ಇದನ್ನೇ ಜಡ್ಜ್ ಸಾಹೇಬರ ಮುಂದೆ ಇಂಗ್ಲಿಷಿನಲ್ಲಿ ಹೇಳು.

ಒಂದೇ ಚಿಂತೆ. ಲೈಸೆನ್ಸ್ ಹೋದರೆ ಗಾಡಿ ನಿಲ್ಲುತ್ತದೆ. ಹೂವು ಬಿಸಿಲೇರುವವರೆಗೆ ಕಾಯುವುದಿಲ್ಲ; ಹೊತ್ತಿಗೆ ಸರಿಯಾಗಿ ಹೆಣ್ಣುಮಕ್ಕಳನ್ನು ಮುಟ್ಟಿಸುವವನು ಸುತ್ತ ಹಳ್ಳಿಯಲ್ಲಿ ನಾನೇ ಎಂದು ಒಂಬತ್ತು ವರ್ಷದಿಂದ ಹೆಸರಿದೆ. ಆ ಹೆಸರು ಉಳಿಸು.

ಕಾಗದ ಮುಗಿಯಿತು.

ನಿನ್ನ
ಮೈಲೇಶ


ಹಾವೇರಿ
೧೪ ಅಕ್ಟೋಬರ್ ೨೦೨೪

ಪ್ರಿಯ ಜವಾಬ್ದಾರಿಯ ಕುಡುಕನೇ,

ಮೈಮೇಲೆ ನೀರು ಸುರಿದರೆ ಹೊಟ್ಟೆಯೊಳಗಿನದು ತೊಳೆದು ಹೋಗುವುದಾದರೆ ಡಾಕ್ಟರುಗಳೆಲ್ಲ ಸ್ಟೆತಾಸ್ಕೋಪ್ ಬಿಟ್ಟು ಬಕೆಟ್ ಹಿಡಿಯುತ್ತಿದ್ದರು. ಇಲ್ಲಿಯ ಒಬ್ಬ ಡಾಕ್ಟರನ್ನು ಕೇಳಿದೆ. ಸಂಜೆ ಕುಡಿದ ಒಂದು ಕ್ವಾರ್ಟರ್ ಮರುದಿನ ಬೆಳಿಗ್ಗೆ ಎಪ್ಪತ್ತೊಂದು ತೋರಿಸುವುದು ಕಷ್ಟ ಎಂದರು. ಅಂದಮೇಲೆ ನೀನು ಮತ್ತು ಯಂತ್ರ, ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದೀರಿ. ಯಂತ್ರಕ್ಕೆ ಬ್ಯಾಡಗಿಯಲ್ಲಿ ನೆಂಟರಿಲ್ಲ.

ಆದರೂ ಸಂತೋಷಪಡು. ಯಂತ್ರ ಬೇರೆ ಕಡೆ ಎಡವಿದೆ. ಅದು ಉಗುಳಿದ ಚೀಟಿಯನ್ನು ಕನ್ನಡಕ ಹಾಕಿಕೊಂಡು ನೋಡಿದೆ: ಸಮಯ ಸಂಜೆ ಏಳು ಗಂಟೆ ನಾಲ್ಕು ನಿಮಿಷ! ಯಾರೋ ಗಡಿಯಾರವನ್ನು ತಿರುಗುಮುರುಗು ಇಟ್ಟಿದ್ದಾರೆ. ಆ ಸೋಮವಾರ ಸಂಜೆ ಏಳಕ್ಕೆ ನೀನು ಎಲ್ಲಿದ್ದೆ? ನನ್ನೆದುರು ಕುಳಿತು ನನ್ನ ಮೂರನೆಯ ಚಹಾ ಕುಡಿಯುತ್ತಿದ್ದೆ. ರಕ್ತ ಪರೀಕ್ಷೆ ಮಾಡಿಸಿಲ್ಲ. ಯಂತ್ರವನ್ನು ತಪಾಸಣೆ ಮಾಡಿದ ಸರ್ಟಿಫಿಕೇಟ್ ಫೈಲಿನಲ್ಲಿ ಇಲ್ಲ. ಮೈಲೇಶ, ಇಂಥ ಕೇಸು ವಕೀಲನ ಬಾಳಿನಲ್ಲಿ ಒಂದೋ ಎರಡೋ ಬರುತ್ತವೆ. ಖುಷಿಗೆ ನಾನು ಕರಿಕೋಟಿಗೆ ಇಸ್ತ್ರಿ ಮಾಡಿಸಿದ್ದೇನೆ.

ಇನ್ನು ಬೇಕಾದದ್ದು ಗಾಡಿಯಲ್ಲಿದ್ದ ಒಬ್ಬ ಸಾಕ್ಷಿ. 'ವಾಸನೆ ಬರಲಿಲ್ಲ, ಮಾತು ನೆಟ್ಟಗಿತ್ತು, ಗಾಡಿ ನೆಟ್ಟಗಿತ್ತು.' ಇಷ್ಟೇ ಸಾಕು. ಆ ಗುಂಪಿನ ಹಿರಿಯಳು ಭರಮವ್ವ ಎಂದಿದ್ದೆಯಲ್ಲ, ಅವಳನ್ನು ಕೇಳು.

ಮೂರನೆಯ ಪ್ರಶ್ನೆಗೆ ಉತ್ತರ ಬರಲಿಲ್ಲ. ಈ ಸಲ ದೊಡ್ಡ ಕಾಗದ ತೆಗೆದುಕೋ.

ನಿನ್ನ
ಚಂದ್ರಪ್ಪ


ಕುಪ್ಪೇಲೂರು
೧೧ ನವೆಂಬರ್ ೨೦೨೪

ಚಂದ್ರು,

ತಡವಾಯಿತು. ಪೊಲೀಸರಿಂದ ಗಾಡಿ ಬಿಡಿಸಿಕೊಂಡು ಬಂದು ತಿಂಗಳಾಯಿತು, ಆದರೆ ಮನೆ ಮುಂದೆ ನಿಂತಿದೆ. ಹೆಣ್ಣುಮಕ್ಕಳು ಈಗ ಅಬ್ರಾರನ ಗಾಡಿಗೆ ಹೋಗುತ್ತಾರೆ. "ಕೇಸ್ ಮುಗೀಲಿ, ಆಮ್ಯಾಲ ನೋಡೂಣು" ಎನ್ನುತ್ತಾರೆ. ಅಬ್ರಾರ ಒಳ್ಳೆಯವನೇ. ಆದರೆ ಹತ್ತು ನಿಮಿಷ ತಡ ಮಾಡುತ್ತಾನೆ. ನಾನು ಕಟ್ಟೆಯ ಮೇಲೆ ಕುಳಿತು ಗಡಿಯಾರ ನೋಡುತ್ತೇನೆ.

ಭರಮವ್ವನ ಹತ್ತಿರ ಹೋಗಿದ್ದೆ. ಅಂಗಳದಲ್ಲಿ ಕುಳಿತು ಅವರೆ ಬಿಡಿಸುತ್ತಿದ್ದಳು. ನೀನು ಹೇಳಿಕೊಟ್ಟದ್ದನ್ನು ಒಪ್ಪಿಸಿದೆ.

"ನೀ ಕುಡದಿದ್ದಿಲ್ಲ ಅಂತ ಕೋರ್ಟಿನಾಗ ಹೇಳ್ಬೇಕೇನು?" ಅಂದಳು.

"ಹೂಂ ದೊಡ್ಡವ್ವ."

"ಹೇಳ್ತೀನೇಳು. ಅದೇನ್ ಭಾಳ ದೊಡ್ಡ ಮಾತಲ್ಲ. ಆದ್ರ ಮೊದ್ಲ ನೀ ನಮ್ಮ ಮುಂದ ಭಂಡಾರ ಹಿಡದು ಹೇಳು, ಕುಡದಿದ್ದಿಲ್ಲ ಅಂತ."

"ಕೋರ್ಟಿನಾಗೂ ಆಣಿ ಮಾಡಸ್ತಾರ ಬೇ."

"ಅಲ್ಲಿ ಭಂಡಾರ ಇರತೈತೇನು?"

"ಇಲ್ಲ."

"ಮತ್ತ? ಬರೇ ಬಾಯಿಲೆ ಹೇಳೂದು ಆಣಿ ಆಗತೈತೇನಪಾ? ಅದು ಮಾತು."

ನಾಳೆ ಬರುತ್ತೇನೆ ಎಂದು ಎದ್ದು ಬಂದೆ. ಆ ನಾಳೆ ಬಂದು ಹದಿನೆಂಟು ದಿನವಾಯಿತು. ದೇವರಗುಡ್ಡದ ಭಂಡಾರ ಹಿಡಿದು ಸುಳ್ಳು ಹೇಳಿದವರು ನಮ್ಮ ಮನೆತನದಲ್ಲಿ ಇಲ್ಲ. ನೀನು ಓದಿದವನು, ಇದಕ್ಕೇನಾದರೂ ಮೇಲ್ಮನವಿ ಉಂಟೇ?

ಮೈಲೇಶ


ಕುಪ್ಪೇಲೂರು
೨೦ ನವೆಂಬರ್ ೨೦೨೪

ವಕೀಲರಾದ ಚಂದ್ರಪ್ಪನವರಿಗೆ ನಮಸ್ಕಾರಗಳು.

ನಾನು ಸ್ನೇಹಾ, ಭರಮವ್ವನ ಮೊಮ್ಮಗಳು, ಬಿ.ಎ. ಎರಡನೆಯ ವರ್ಷ. ಅಜ್ಜಿ ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕು, ತಿದ್ದಿದರೆ ಕೈಮೇಲೆ ಹೊಡೆಯುತ್ತೇನೆ ಎಂದಿದ್ದಾಳೆ. ಹಾಗೆಯೇ ಬರೆಯುತ್ತಿದ್ದೇನೆ:

"ವಕೀಲಪ್ಪಾ, ನಿನ್ನ ಗೆಳ್ಯಾ ನಮ್ಮನಿ ಕಡೆ ಬರೂದ ಬಿಟ್ಟಾನ. ನನ್ನ ಕಂಡ್ರ ಓಣಿ ಬದಲಸ್ತಾನ. ಅವ್ಗ ಹೇಳು, ನಾವೇನ್ ಅವ್ನ ನುಂಗೂದಿಲ್ಲ.

ಅವತ್ತ ಮುಂಜಾನೆ ಏನಾತು ನಿನಗ ಹೇಳ್ಯಾನೋ ಇಲ್ಲೋ. ಕಾಲುವಿ ಏರಿ ಮ್ಯಾಲ ಗಾಡಿ ನೀರಿನ ಕಡೆ ಹೊಂಟಿತ್ತು. ಹಿಂದ ಮೀನಾಕ್ಷಿ ಮಡಲಾಗ ಆರು ತಿಂಗಳ ಕೂಸಿತ್ತು. ಎಲ್ಲಾರೂ ಒಮ್ಮೆಲೆ ಚೀರಿದ್ವಿ. ಆಗ ಇವ ಎಚ್ಚರಾಗಿ ಸ್ಟೇರಿಂಗ್ ಎಳದ. ಒಂದ್ ಗಾಲಿ ಅಂಚಿನ ಮಣ್ಣು ಕೆಡವಿ ಬಂತು. 'ನಾಯಿ ಅಡ್ಡ ಬಂತು' ಅಂದ. ನಾ ಮುಂದಿನ ಸೀಟಿನಾಗ ಕುಂತಿದ್ದೆ. ನಾಯೂ ಇದ್ದಿಲ್ಲ, ನಾಯಿ ಬಾಲಾನೂ ಇದ್ದಿಲ್ಲ. ಪೊಲೀಸ್ರ ಮುಂದ ಹೇಳ್ಲಿಲ್ಲ, ಮನ್ಯಾಗೂ ಹೇಳ್ಲಿಲ್ಲ. ಹೇಳಿದ್ರ ಗಂಡಸ್ರು ನಮ್ಮನ್ನ ಕೆಲಸಕ್ಕ ಕಳಸೂದಿಲ್ಲ.

ಕೋರ್ಟಿನಾಗ ಏನ್ ಬೇಕಂತಿ ಅದನ್ನ ಹೇಳ್ತೀನಿ. ಸರ್ಕಾರಕ್ಕ ಖರೇ ಹೇಳಿ ನಮಗೇನ್ ಆಗೂದೈತಿ? ಆದ್ರ ನಮಗ ಅವ ಖರೇ ಹೇಳ್ಬೇಕು. ಕೇಸ್ ಗೆದ್ದು ಬಂದು ಹಾರ್ನ್ ಬಾರಿಸಿದ್ರ ಹತ್ತೂದಿಲ್ಲ."

ಅಜ್ಜಿಯ ಮಾತು ಇಲ್ಲಿಗೆ ಮುಗಿಯಿತು. ಹೆಬ್ಬೆಟ್ಟು ಒತ್ತಲೇ ಎಂದು ಕೇಳುತ್ತಿದ್ದಾಳೆ. ಬೇಡ ಎಂದಿದ್ದೇನೆ.

ವಿಶ್ವಾಸದಿಂದ
ಸ್ನೇಹಾ


ಹಾವೇರಿ
೨೭ ನವೆಂಬರ್ ೨೦೨೪

ಮೈಲೇಶ,

ಮೂರನೆಯ ಪ್ರಶ್ನೆಗೆ ಉತ್ತರ ಬೇರೆಯವರ ಕೈಬರಹದಲ್ಲಿ ಬಂತು.

ವಕೀಲನಾಗಿ ಹೇಳುತ್ತೇನೆ: ಕಾಲುವೆಯ ವಿಷಯ ಫೈಲಿನಲ್ಲಿ ಎಲ್ಲಿಯೂ ಇಲ್ಲ. ನೀನು ಬಾಯಿ ಮುಚ್ಚಿಕೊಂಡಿದ್ದರೆ ಕೇಸು ಗೆಲ್ಲುತ್ತದೆ. ಜನವರಿ ಇಪ್ಪತ್ತೆರಡಕ್ಕೆ ತಾರೀಖು.

ಚಂದ್ರುವಾಗಿಯೂ ಒಂದು ಹೇಳಬೇಕಿತ್ತು. ನನ್ನ ಕಾಗದವೂ ಮುಗಿಯಿತು.

ಚಂದ್ರಪ್ಪ


ಕುಪ್ಪೇಲೂರು
೧೫ ಡಿಸೆಂಬರ್ ೨೦೨೪

ಚಂದ್ರು,

ಹೋಗಿ ಬಂದೆ.

ಸಂಜೆ ಕೆಲಸದಿಂದ ಬಂದು ಅವರೆಲ್ಲ ಭರಮವ್ವನ ಅಂಗಳದಲ್ಲಿ ಸೇರಿದ್ದರು. ತಾಟಿನಲ್ಲಿ ಭಂಡಾರ. ಹನ್ನೆರಡು ಜನ. ಒಂಬತ್ತು ವರ್ಷ ನನ್ನ ಗಾಡಿಯಲ್ಲಿ ಹಾಡಿಕೊಂಡು, ಬಡಿದಾಡಿಕೊಂಡು, ಒಬ್ಬರ ಬುತ್ತಿ ಒಬ್ಬರು ಕಸಿದುಕೊಂಡು ಬಂದವರು ಇಷ್ಟು ಸುಮ್ಮನೆ ಕುಳಿತದ್ದನ್ನು ನಾನು ಕಂಡಿರಲಿಲ್ಲ. ಮುಷ್ಟಿಯಲ್ಲಿ ಭಂಡಾರ ಹಿಡಿದೆ. ನೀನು ಕೇಳಿದ ಮೊದಲ ಪ್ರಶ್ನೆಗೂ ಇದೇ ಉತ್ತರ, ಬರೆದುಕೋ.

"ಮೂರು ಕ್ವಾರ್ಟರ್. ಎರಡು ಬ್ಯಾಡಗ್ಯಾಗ. ಒಂದು ಚೀಲದಾಗ ತಂದು ಮನ್ಯಾಗ ಕುಡದೆ, ಮಲಗೂಕಿಂತ ಮೊದ್ಲ. ಕಾಲುವಿ ಮ್ಯಾಲ ನಾ ಕಣ್ಣು ಮುಚ್ಚಿದ್ದೆ. ನಾಯಿ ಇದ್ದಿದ್ದಿಲ್ಲ."

ಬೈಯುತ್ತಾರೆ ಎಂದುಕೊಂಡಿದ್ದೆ. ಯಾರೂ ಬೈಯಲಿಲ್ಲ. ಮೀನಾಕ್ಷಿ ಕೂಸನ್ನು ಎತ್ತಿಕೊಂಡು ಎದ್ದು ಹೋದಳು. ಭರಮವ್ವ ತಾಟನ್ನು ಪಕ್ಕಕ್ಕೆ ಸರಿಸಿ ಹೇಳಿದಳು: "ಖರೇ ಹೇಳಿದಿ. ಸಾಕು. ಈಗ ಕೋರ್ಟಿನಾಗ ಏನ್ ಸುಳ್ಳ ಹೇಳ್ಬೇಕು, ಲಗೂ ಕಲಸು. ನನಗ ರೊಟ್ಟಿ ಬಡಿಯೂದೈತಿ."

"ಮತ್ತ ಗಾಡಿ?" ಎಂದು ಕೇಳಿದೆ.

"ಅದು ಬ್ಯಾರೆ ಮಾತು" ಎಂದಳು.

ಚಂದ್ರು, ನಿನ್ನ ಸಾಕ್ಷಿ ಸಿದ್ಧ. ಮೂರು ವಾಕ್ಯವನ್ನೂ ಬಾಯಿಪಾಠ ಮಾಡಿದ್ದಾಳೆ. ನಿನಗಿಂತ ಚೆನ್ನಾಗಿ ಹೇಳುತ್ತಾಳೆ. ಅವಳು ಹೇಳುವುದನ್ನು ಕೇಳಿದಾಗಿನಿಂದ ನನಗೆ ಊಟ ಸೇರುತ್ತಿಲ್ಲ.

ಮೈಲೇಶ


ಹಾವೇರಿ
೨೪ ಜನವರಿ ೨೦೨೫

ಶ್ರೀಮಾನ್ ಮೈಲೇಶನಿಗೆ, ನೊಂದ ವಕೀಲನ ತಕರಾರು ಅರ್ಜಿ:

ಮೊನ್ನೆ ರಾಣೆಬೆನ್ನೂರಿನ ಕೋರ್ಟಿನಲ್ಲಿ ನಡೆದದ್ದನ್ನು ದಾಖಲೆಗಾಗಿ ಬರೆಯುತ್ತಿದ್ದೇನೆ, ಏಕೆಂದರೆ ನನ್ನ ಹೆಂಡತಿ ನಂಬುತ್ತಿಲ್ಲ. ಕೋಟು ಗರಿಗರಿಯಾಗಿತ್ತು. ಚೀಟಿಯ ಸಮಯ ತೋರಿಸಿ ಪೊಲೀಸರ ಸಾಕ್ಷಿಯನ್ನು ನಾನು ಅರ್ಧ ಗಂಟೆ ಹಿಂಡಿದ್ದೆ. ಸಾಹೇಬರು ಎರಡು ಸಲ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದರು. ಗೆಲುವು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬರುವುದರಲ್ಲಿತ್ತು. ಭರಮವ್ವ ಇಳಕಲ್ ಸೀರೆ ಉಟ್ಟು ಕಟಕಟೆ ಹತ್ತಿದಳು. ದೇವರ ಮೇಲೆ ಪ್ರಮಾಣ ಮಾಡಿದಳು, ಬಹಳ ಉದಾರವಾಗಿ. ನಾನು, "ಅವತ್ತು ಗಾಡಿ ಹೇಗೆ ಹೋಗುತ್ತಿತ್ತವ್ವಾ?" ಎಂದು ಕೇಳಿದೆ. ಅವಳು ಬಾಯಿ ತೆರೆದಳು.

ಅಷ್ಟರಲ್ಲಿ ನೀನು ಬಾಯಿ ತೆರೆದೆ.

"ಆಕಿ ಕಡೆ ಹೇಳಸಬ್ಯಾಡ್ರಿ ಸಾಹೇಬ್ರ. ನಾ ಕುಡದಿದ್ದೆ. ಚೀಟ್ಯಾಗ ಹೊತ್ತು ತಪ್ಪೈತ್ರಿ, ಆಕಡಿ ಈಕಡಿ ಆಗೈತಿ. ಎಪ್ಪತ್ತೊಂದು ಖರೇ ಐತಿ."

ಸಾಹೇಬರು ನನ್ನನ್ನು ನೋಡಿದರು. "ವಕೀಲರೇ, ನಿಮ್ಮ ಕಕ್ಷಿದಾರರು ನಿಮಗಿಂತ ಮುಂದೆ ಇದ್ದಾರೆ" ಎಂದರು. ಹಿಂದಿನ ಬೆಂಚಿನಲ್ಲಿ ಕುಳಿತ ಕಿರಿಯ ವಕೀಲರು ನಕ್ಕರು. ನಾನೂ ನಕ್ಕೆ, ವಕೀಲನಿಗೆ ಬೇರೆ ದಾರಿಯಿರಲಿಲ್ಲ.

ಹತ್ತು ಸಾವಿರ ದಂಡ, ಆರು ತಿಂಗಳು ಲೈಸೆನ್ಸ್ ಅಮಾನತು. ಜೈಲಿಲ್ಲ. ಆ ಇಳಕಲ್ ಸೀರೆಯ ಮೇಲೆ ಸಾಹೇಬರಿಗೆ ಗೌರವ ಬಂದಿರಬೇಕು.

ಹೊರಗೆ ಬಂದ ಮೇಲೆ ಭರಮವ್ವ ನಿನ್ನನ್ನು ಬೈದದ್ದನ್ನು ನಾನು ಅಕ್ಷರಶಃ ಕೇಳಿಸಿಕೊಂಡೆ. "ಒಂದ್ ದಿನದ ಪಗಾರ ಬಿಟ್ಟು, ಸೀರಿ ಉಟ್ಗೊಂಡು, ಮಾತು ಕಲ್ತು ಬಂದೇನಿ. ನಡುವ ಬಾಯಿ ಹಾಕಾಕ ನೀ ಯಾರೋ?" ನನ್ನ ಮನಸ್ಸಿನಲ್ಲಿದ್ದದ್ದೂ ಅದೇ ವಾಕ್ಯ. ಅವಳನ್ನು ಜೂನಿಯರ್ ಆಗಿ ಇಟ್ಟುಕೊಳ್ಳಬೇಕೆಂದಿದ್ದೇನೆ.

ನವೆಂಬರಿನಲ್ಲಿ ನನ್ನ ಕಾಗದ ಮುಗಿದಿತ್ತಲ್ಲ, ಅಂದು ಬರೆಯಬೇಕಾಗಿದ್ದದ್ದನ್ನು ಈಗ ಬರೆಯುವ ಅಗತ್ಯವಿಲ್ಲ. ಫೀಸು ಬೇಡ. ಸೋತ ಕೇಸಿಗೆ ತೆಗೆದುಕೊಳ್ಳುತ್ತೇನೆ, ಕಕ್ಷಿದಾರನೇ ಕಸಿದುಕೊಂಡ ಕೇಸಿಗೆ ತೆಗೆದುಕೊಳ್ಳುವುದಿಲ್ಲ.

ನಿನ್ನ
ಚಂದ್ರು


ಕುಪ್ಪೇಲೂರು
೧೮ ಮಾರ್ಚ್ ೨೦೨೫

ಪ್ರಿಯ ಚಂದ್ರು,

ನಿನ್ನ ಕಕ್ಷಿದಾರನಿಗೆ ಹೊಸ ಉದ್ಯೋಗ ಸಿಕ್ಕಿದೆ. ನಾನೀಗ ಕ್ರಾಸಿಂಗ್ ಕೂಲಿ. ಭರಮವ್ವ ನನ್ನ ಮೇಸ್ತ್ರಿ.

ನೆರಳುಪರದೆಯ ಕೆಳಗೆ ಟೊಮೆಟೊ ಗಿಡದ ಸಾಲು. ಮೊಗ್ಗು ಬಿಡಿಸಿ, ಒಳಗಿನ ಗಂಡು ಎಳೆಗಳನ್ನು ಚಿಮಟದಿಂದ ಕಿತ್ತು, ಬೇರೆ ಗಿಡದ ಪರಾಗ ಹಚ್ಚಬೇಕು. ಹೂವು ನನ್ನ ಉಗುರಿಗಿಂತ ಚಿಕ್ಕದು. ಮೊದಲ ದಿನ ನಲವತ್ತು ಹೂವಿನ ಕುತ್ತಿಗೆ ಮುರಿದೆ. "ಇವ್ಗ ಕ್ಲಚ್ ತುಳ್ಯಾಕ ಅಷ್ಟ ಬರತೈತಿ" ಎಂದು ಇಡೀ ಸಾಲು ನಕ್ಕಿತು. ಶೀಲಾ ಮನೆಗೆ ಬಂದ ಮೇಲೆ ನಕ್ಕಳು. ಈಗ ದಿನಕ್ಕೆ ಹತ್ತೋ ಹನ್ನೆರಡೋ ಮುರಿಯುತ್ತೇನೆ, ಅದೂ ಮೀನಾಕ್ಷಿ ಪಕ್ಕದ ಸಾಲಿನಲ್ಲಿದ್ದಾಗ ಹೆಚ್ಚು. ಅವಳು ನನ್ನೊಂದಿಗೆ ಮಾತಾಡುವುದಿಲ್ಲ.

ಹೋಗಿ ಬರುವುದು ಅಬ್ರಾರನ ಗಾಡಿಯಲ್ಲಿ, ಹಿಂದಿನ ಸೀಟಿನಲ್ಲಿ. ಇಪ್ಪತ್ತೆರಡು ವರ್ಷ ಗಾಡಿ ಓಡಿಸಿದ್ದೇನೆ, ಹಿಂದೆ ಕುಳಿತಿರಲಿಲ್ಲ. ಅಲ್ಲಿಂದ ರಸ್ತೆ ಕಾಣುವುದಿಲ್ಲ ಚಂದ್ರು. ಡ್ರೈವರನ ತಲೆಯ ಹಿಂಭಾಗ ಮಾತ್ರ ಕಾಣುತ್ತದೆ. ಅದನ್ನೇ ನಂಬಿ ಕುಳಿತಿರಬೇಕು. ಕಾಲುವೆ ಬಂದಾಗ ನನ್ನ ಬಲಗಾಲು ತಾನಾಗಿ ಬ್ರೇಕ್ ಒತ್ತುತ್ತದೆ. ಅಲ್ಲಿ ಬ್ರೇಕಿಲ್ಲ, ಯಾರದೋ ಬುತ್ತಿಗಂಟು ಇರುತ್ತದೆ.

ಕುಡಿತದ ವಿಷಯ ನೀನು ಕೇಳಿಲ್ಲ. ನಾನೂ ದೊಡ್ಡ ಮಾತು ಆಡುವುದಿಲ್ಲ. ಕೊಟ್ರಪ್ಪನ ಗೃಹಪ್ರವೇಶಕ್ಕೆ ಹೋಗಿದ್ದೆ, ಹೋಳಿಗೆ ತಿಂದು ಬಂದೆ. ಇಷ್ಟು ಕುಡಿಸಿಯೂ ಹಿಂಗಾರು ಮಳೆಗೆ ಸ್ಲ್ಯಾಬ್ ಸೋರಿತಂತೆ.

ನಿನ್ನ
ಮೈಲೇಶ


ಕುಪ್ಪೇಲೂರು
೬ ಆಗಸ್ಟ್ ೨೦೨೫

ಪ್ರಿಯ ಚಂದ್ರು,

ಲೈಸೆನ್ಸ್ ಕೈಗೆ ಬಂತು. ಜುಲೈ ಇಪ್ಪತ್ತೆಂಟನೆಯ ತಾರೀಖು, ಸೋಮವಾರ, ಕ್ರೂಸರ್ ತೊಳೆದು ಆರಕ್ಕೆ ಬಸ್‌ಸ್ಟ್ಯಾಂಡಿನ ಮುಂದೆ ನಿಲ್ಲಿಸಿದೆ. ಹಾರ್ನ್ ಬಾರಿಸಲಿಲ್ಲ. ಐದು ಹೆಜ್ಜೆ ಹಿಂದೆ ಅಬ್ರಾರನೂ ಗಾಡಿ ತಂದು ನಿಲ್ಲಿಸಿದ. ಯಾರ ಗಾಡಿ ಎಂಬುದು ಹೆಣ್ಣುಮಕ್ಕಳ ಕೈಯಲ್ಲಿದೆ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಇಬ್ಬರೂ ಆಕಾಶ ನೋಡಿದೆವು.

ಹೆಣ್ಣುಮಕ್ಕಳು ಬಂದರು. ಭರಮವ್ವ ನೇರ ನನ್ನ ಕಿಟಕಿಗೆ ಬಂದು ಮುಖವನ್ನು ಒಳಗೆ ಹಾಕಿದಳು.

"ಊದು."

"ದೊಡ್ಡವ್ವ, ಮಂದಿ ನೋಡಾಕತ್ತಾರ."

"ನೋಡ್ಲಿ. ಪೊಲೀಸ್ರಿಗೆ ಊದೀದಿ, ನನಗ ಊದಾಕ ನಾಚಿಕಿ ಏನು?"

ಊದಿದೆ. ಕಣ್ಣು ಮುಚ್ಚಿ ಮೂಸಿದಳು. ಯಂತ್ರಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡಳು.

"ಉಳ್ಳಾಗಡ್ಡಿ."

"ಹೂಂ. ರೊಟ್ಟಿ ಜೋಡಿ."

"ಗಾಡಿ ಹತ್ತ್ರೆವ್ವಾ" ಎಂದು ಹಿಂದೆ ತಿರುಗಿ ಹೇಳಿದಳು.

ಹತ್ತು ಜನ ಹಿಂದೆ ಹತ್ತಿದರು. ಮೀನಾಕ್ಷಿ ಅಬ್ರಾರನ ಗಾಡಿ ಹತ್ತಿದಳು. ಕೂಸು ಈಗ ನಡೆಯುತ್ತದೆ. ಹೋಗುವಾಗ ನನ್ನ ಕಡೆ ಕೈ ಬೀಸಿತು, ಅದಕ್ಕೇನು ಗೊತ್ತು.

ಭರಮವ್ವ ಮುಂದಿನ ಸೀಟಿನಲ್ಲಿ ಕುಳಿತಳು. ಆದರೆ ಬಾಗಿಲಿಗೆ ಬೆನ್ನು ಕೊಟ್ಟು, ನನ್ನ ಕಡೆ ಮುಖ ಮಾಡಿ. ರಸ್ತೆ ನೋಡಲಿಲ್ಲ. ಪ್ಲಾಟು ಮುಟ್ಟುವವರೆಗೆ ನನ್ನ ಕಣ್ಣನ್ನೇ ನೋಡಿದಳು. ಮರುದಿನವೂ ಊದು, ಮರುದಿನವೂ ಹಾಗೆಯೇ. ಸರ್ಕಾರ ಆರು ತಿಂಗಳಿಗೆ ಬಿಟ್ಟಿತು. ಈ ಕೋರ್ಟಿಗೆ ರಜೆಯೇ ಇಲ್ಲ ಎಂದು ಶೀಲಾಳಿಗೆ ಹೇಳಿದೆ. "ಇರ್ಲಿ ಬಿಡ್ರಿ, ಈ ಕೋರ್ಟ್ ಪುಕ್ಕಟ ಐತಿ" ಅಂದಳು.

ಇವತ್ತು ಒಂಬತ್ತನೆಯ ದಿನ. ಕಾಲುವೆ ಇನ್ನೂ ಅರ್ಧ ಮೈಲಿ ಇರುವಾಗ ಪಕ್ಕದಿಂದ ಗೊರಕೆ ಕೇಳಿಸಿತು. ತಲೆ ಕಿಟಕಿಗೆ ಆನಿಸಿ ಬಾಯಿ ತೆರೆದುಕೊಂಡು ಮಲಗಿದ್ದಳು. ಹಿಂದಿನವರು ಹಾಡು ನಿಲ್ಲಿಸಿದರು. ಏರಿಯ ಮೇಲೆ ಗಾಡಿಯನ್ನು ಎಷ್ಟು ನಿಧಾನ ಒಯ್ದೆನೆಂದರೆ ಒಬ್ಬ ಸೈಕಲ್ಲಿನವನು ನಮ್ಮನ್ನು ದಾಟಿ ಹೋದ. ಒಂಬತ್ತು ವರ್ಷದಲ್ಲಿ ಮೊದಲ ಸಲ ಪ್ಲಾಟಿಗೆ ಹತ್ತು ನಿಮಿಷ ತಡವಾಯಿತು. ಎಲ್ಲರೂ ಬುತ್ತಿಗಂಟು ಎತ್ತಿಕೊಂಡು ಇಳಿದರು.

ಮೇಲಿನ ಓಣಿಯ ಒಬ್ಬಳು ನಾಳೆಯಿಂದ ತಾನೂ ಬರುತ್ತೇನೆ, ಹಿಂದೆ ಮೀನಾಕ್ಷಿಯ ಸೀಟು ಖಾಲಿ ಇದೆಯಲ್ಲ ಎಂದು ಕೇಳಿದಳು. ಖಾಲಿ ಇಲ್ಲ ಎಂದೆ.

ನಿನ್ನ
ಮೈಲೇಶ